ಗಾದಿ ಹೊತ್ತು ಗುಂಡು ಹತ್ತಿದ್ದು

ಮಾರುವವನಿಗೆ ತನ್ನ ಮಾಲಿನ ಮೇಲೆ ನಂಬಿಕೆ ಇದ್ದೇ ಇರುತ್ತದೆ ಎಂದು ಕೊಳ್ಳುವವರು ತಿಳಿದಿರುತ್ತಾರೆ. ಅದು ಕೊಳ್ಳುವವರ ದೊಡ್ಡ ಗುಣ. ನಾನು ಗಂಗಾವತಿಯಲ್ಲಿ ಮೂವತ್ತು ವರ್ಷಗಳಿಂದ ಹತ್ತಿಯ ಗಾದಿ ಹೊಲಿದು ಮಾರುತ್ತಿದ್ದೇನೆ. ಹತ್ತಿ ಹಿಂಜುವ ಯಂತ್ರದ ಸದ್ದಿಗೆ ಬಲಗಿವಿ ಅರ್ಧ ಹೋಗಿದೆ, ನಾಲಿಗೆ ಮಾತ್ರ ಪೂರ್ತಿ ಉಳಿದಿದೆ. ಗಿರಾಕಿ ಬಂದು ಗಾದಿಯನ್ನು ಬೆರಳಿನಿಂದ ಒತ್ತಿ ನೋಡಿದರೆ ಸಾಕು, “ಬೆರಳಿಲೆ ಏನ್ ನೋಡ್ತೀರಿ, ಕಣ್ಣು ಮುಚ್ಚಿ ಮ್ಯಾಲ ಬೀಳ್ರಿ” ಎನ್ನುತ್ತೇನೆ. ಇಷ್ಟು ವರ್ಷಗಳಲ್ಲಿ ಯಾರೂ ಬಿದ್ದಿರಲಿಲ್ಲ. ಜನ ಮರ್ಯಾದಸ್ಥರು. ಅಂಚಿನಲ್ಲಿ ಒಂದು ಗಳಿಗೆ ಕೂತು, ಮಗಳ ಮದುವೆಗೋ ಬಾಣಂತನಕ್ಕೋ ಕಟ್ಟಿಸಿಕೊಂಡು ಹೋಗುತ್ತಾರೆ. ಪರೀಕ್ಷೆ ಆಗುವುದಿಲ್ಲ ಎಂಬ ಭರವಸೆ ಇದ್ದರೆ ಎಂಥ ಮಾತನ್ನಾದರೂ ಧೈರ್ಯವಾಗಿ ಆಡಬಹುದು. ನನ್ನ ಆ ಮಾತನ್ನು ನಿಜವೆಂದು ನಂಬಿದ ಮೊದಲ ವ್ಯಕ್ತಿ ನನ್ನ ಹೆಂಡತಿ. ಉಳಿದ ಯಾವ ಮಾತನ್ನೂ ಆಕೆ ನಂಬಿದವಳಲ್ಲ, ಆದ್ದರಿಂದ ನಾನು ಮುಂಚೆ ಎಚ್ಚರ ವಹಿಸಿರಲಿಲ್ಲ.

ಆಕೆಯ ಹೆಸರು ಗಿರಿಜಾ. ಹೆಸರಿನಲ್ಲೇ ಗಿರಿ ಇದ್ದರೂ ಹೋದ ವರ್ಷ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ ಮೇಲೆ ಅಡುಗೆಮನೆಯ ಸ್ಟೂಲ್ ಹತ್ತುವುದಕ್ಕೂ ಅಂಜುತ್ತಿದ್ದಳು. ಕೈ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ. ಮನೆಯೊಳಗೆ ಗೋಡೆ ಹಿಡಿದು ನಡೆಯುವುದು ರೂಢಿಯಾಯಿತು. ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ ಇಳಿಸಲು ನಾನು ಅಂಗಡಿಯಿಂದ ಬರಬೇಕು. ಭರಣಿ ಇಳಿಸುವುದು ದೊಡ್ಡ ಕೆಲಸವಲ್ಲ. ಆದರೆ ಮೊದಲು ನಾನು ಮನೆಗೆ ಬಂದ ಕೂಡಲೇ ಎದುರಿಗೆ ಬಂದು ಜಗಳ ತೆಗೆಯುತ್ತಿದ್ದವಳು, ಈಗ ಕೂತಲ್ಲಿಂದಲೇ “ಬಂದ್ರಿ?” ಎಂದು ಕೇಳಿ ಸುಮ್ಮನಾಗುತ್ತಿದ್ದಳು. ನನಗೆ ಅದು ಸಹಿಸಲು ಕಷ್ಟವಾಗುತ್ತಿತ್ತು. ಜಗಳವಿಲ್ಲದ ಮನೆಗೆ ಹೊತ್ತಿಗೆ ಸರಿಯಾಗಿ ಹೋಗಿ ಮಾಡುವುದೇನು?

ಅವಳ ಅಣ್ಣನ ಮಗಳು ರೇಖಾ ಇಲ್ಲೇ ಹತ್ತಿರದ ಸಿದ್ದಾಪುರದ ಕಡೆ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕಿ. ನಮ್ಮ ಕಡೆ ಚಳಿಗಾಲ ಎಂದರೆ ಫ್ಯಾನು ಐದರಿಂದ ಮೂರಕ್ಕೆ ಇಳಿಯುವುದು ಮತ್ತು ಬೆಳಗಿನ ಹೊತ್ತು ಮುದುಕರು ಕಿವಿಗೆ ಟವೆಲ್ ಸುತ್ತಿಕೊಳ್ಳುವುದು, ಅಷ್ಟೇ. ಆದರೆ ಆ ಎರಡು ತಿಂಗಳಲ್ಲಿ ಆನೆಗೊಂದಿಯ ಬಂಡೆಗಳು ಮುಟ್ಟಲು ಬರುವಷ್ಟು ತಣ್ಣಗಾಗುತ್ತವೆ. ಆಗ ಎಲ್ಲೆಲ್ಲಿಂದಲೋ ಹುಡುಗರು ಹುಡುಗಿಯರು ಬೆನ್ನಿಗೆ ಚೌಕ ಗಾದಿ ಕಟ್ಟಿಕೊಂಡು ಬಂದು ಗುಂಡುಕಲ್ಲುಗಳನ್ನು ಹತ್ತುತ್ತಾರೆ, ಗಾದಿಯ ಮೇಲೆ ಬೀಳುತ್ತಾರೆ, ಮತ್ತೆ ಹತ್ತುತ್ತಾರೆ. ಇದೊಂದು ಆಟ. ರೇಖಾಳಿಗೆ ಈ ಆಟದ ಹುಚ್ಚು. ಒಂದು ದಿನ ಅಂಗಡಿಗೆ ಬಂದು, ಯಂತ್ರದ ಸದ್ದಿನ ನಡುವೆ, “ಅತ್ತಿ ಹತ್ತಿ ಬೀಳಬೇಕು ಮಾವ” ಎಂದಳು. ನನಗೆ ಕೇಳಿಸಿದ್ದು ಅತ್ತೆಗೆ ಹತ್ತಿ ಬೇಕು ಎಂದು. “ಎಷ್ಟು ಕೆಜಿ?” ಎಂದೆ.

ಯಂತ್ರ ನಿಲ್ಲಿಸಿದ ಮೇಲೆ ವಿಷಯ ತಿಳಿಯಿತು. “ಅತ್ತಿಗೆ ಬೀಳೋ ಅಂಜಿಕಿ ಐತಿ. ಮೆತ್ತಗಿನ ಜಾಗಾದಾಗ ನಾಕು ಸಲ ತಾನಾಗೇ ಬಿದ್ದರ ಅದು ಹೋಗ್ತೈತಿ. ಸಣ್ಣ ಗುಂಡು ನೋಡೀನಿ. ಫೋಮ್ ಗಾದಿ ಬಾಡಿಗಿಗೆ ತರ್ತೀನಿ” ಎಂದಳು. ಮುರಿದ ಕೈಗೆ ಬಂಡೆಯ ಚಿಕಿತ್ಸೆ ಎಂದು ನಾನು ನಕ್ಕುಬಿಟ್ಟೆ. ಗಿರಿಜಾ ಒಪ್ಪುವುದಿಲ್ಲ ಎಂಬ ಖಾತ್ರಿಯೂ ಇತ್ತು. ಆದರೆ ಸಂಜೆ ಮನೆಗೆ ಹೋದರೆ ಆಕೆ ಒಪ್ಪಿ ಕೂತಿದ್ದಳು. ಅವಳ ತಕರಾರು ಒಂದೇ. “ನಮ್ದ ಗಾದಿ ಅಂಗಡಿ ಇಟ್ಕೊಂಡು ಮಂದಿ ಗಾದಿ ಮ್ಯಾಲ ಹೋಗಿ ಬೀಳ್ಲೇನು? ನೀವ ಒಂದು ಹೊಲೀರಿ.”

ಹೊಲಿಯಲು ಕೂತಾಗ ನನಗೆ ಮೊದಲ ಬಾರಿ ನನ್ನ ಕಸುಬಿನ ಬಗ್ಗೆ ಅನುಮಾನ ಬಂತು. ಮಲಗುವವರಿಗೆ ಹೊಲಿಯುವುದು ಬೇರೆ. ಮಲಗುವವನು ಮೆಲ್ಲಗೆ ಬರುತ್ತಾನೆ, ಅವನಿಗೆ ಮುಂಚೆಯೇ ನಿದ್ದೆ ಬಂದಿರುತ್ತದೆ, ಅರ್ಧ ಕೆಲಸ ಅವನದೇ. ಬೀಳುವವರ ವಿಷಯದಲ್ಲಿ ಪೂರ್ತಿ ಕೆಲಸ ಗಾದಿಯದು. ಕೆಳಗೆ ತೆಂಗಿನ ನಾರಿನ ಹಾಸು ಕೊಟ್ಟೆ, ಅದರ ಮೇಲೆ ಒತ್ತಾಗಿ ಹತ್ತಿ ತುಂಬಿದೆ, ಗಟ್ಟಿಯಾಯಿತು ಎನ್ನಿಸಿ ಬಿಚ್ಚಿದೆ. ಸಡಿಲ ತುಂಬಿದೆ, ಕೈ ಒತ್ತಿದರೆ ನೆಲ ಸಿಕ್ಕಿತು, ಮತ್ತೆ ಬಿಚ್ಚಿದೆ. ಮೂರನೆಯ ಸಲ ಹೊಲಿದು ಮುಗಿಸಿ, ಏಣಿಯ ಮೇಲಿಂದ ಇಪ್ಪತ್ತೈದು ಕೆಜಿಯ ಅಕ್ಕಿ ಚೀಲ ಎತ್ತಿ ಹಾಕಿ ನೋಡಿದೆ. ಚೀಲಕ್ಕೆ ಏನೂ ಆಗಲಿಲ್ಲ. ಆದರೆ ಅಕ್ಕಿಗೆ ಮಣಿಕಟ್ಟು ಇರುವುದಿಲ್ಲ, ಮತ್ತು ಗಿರಿಜಾ ಇಪ್ಪತ್ತೈದು ಕೆಜಿ ಇದ್ದದ್ದು ಎರಡನೇ ಇಯತ್ತೆಯಲ್ಲಿ ಓದುವಾಗ. ಸಾಲದ್ದಕ್ಕೆ ಎದುರು ಅಂಗಡಿಯವರು ನನ್ನನ್ನು ಬಹಳ ಹೊತ್ತು ನೋಡಿ, “ಅಕ್ಕಿ ಮಲಗಸಾಕತ್ತೀರೇನ್ರಿ?” ಎಂದು ಕೇಳಿದರು.

ರೇಖಾ ವಾರವಿಡೀ ಸಂಜೆ ಬಂದು ತನ್ನ ಅತ್ತೆಯನ್ನು ನಮ್ಮ ಮನೆಯ ಮೆಟ್ಟಿಲ ಮೇಲಿಂದ ಅಂಗಳದಲ್ಲಿ ಹಾಸಿದ ಗಾದಿಗೆ ಹಾರಿಸಿದಳು. ಮೊದಲು ಒಂದನೇ ಮೆಟ್ಟಿಲು, ಆಮೇಲೆ ಎರಡನೆಯದು. ಮಂಡಿ ಮಡಿಸಬೇಕು, ಕೈ ಊರಬಾರದು, ಹಿಂದಕ್ಕೆ ಉರುಳಬೇಕು. ಗಾದಿಯನ್ನು ಒತ್ತಿ ನೋಡಿ, “ಸಣ್ಣ ಗುಂಡಿಗೆ ಸಾಕು ಮಾವ” ಎಂದಳು. ಆ ಸಾಕು ಎಂಬ ಮಾತು ನನಗೆ ಸಾಕಾಗಲಿಲ್ಲ.

ಭಾನುವಾರ ಬೆಳಿಗ್ಗೆ ಆನೆಗೊಂದಿಯಲ್ಲಿ ಆಟೋ ಇಳಿದು ನಡೆದೆವು. ಗಾದಿಗೆ ನಾನೇ ಹೊಲಿದಿದ್ದ ಎರಡು ಪಟ್ಟಿಗಳಲ್ಲಿ ತೋಳು ತೂರಿಸಿ ಬೆನ್ನಿಗೆ ಹೊತ್ತಿದ್ದೆ. ಪಟ್ಟಾಪಟ್ಟಿ ಬಟ್ಟೆಯ ಗಾದಿ, ಹೂವಿನ ಅಂಚು. ಚಹಾದ ಅಂಗಡಿಯ ಮುಂದೆ ಕೂತ ಹಿರಿಯರೊಬ್ಬರು ತಡೆದರು. “ಯಾಕ್ರಿ ಸಾವ್ಕಾರ್ರ, ಮನ್ಯಾಗ ಏನರ ಮಾತಿಗೆ ಮಾತು ಬೆಳೀತೇನು?” ಹೆಂಡತಿಯೊಂದಿಗೆ ಜಗಳವಾಡಿ ಹಾಸಿಗೆ ಸಮೇತ ಮನೆ ಬಿಟ್ಟವನೆಂದು ತಿಳಿದಿದ್ದರು. ಅಷ್ಟರಲ್ಲಿ ಹಿಂದೆ ಬರುತ್ತಿದ್ದ ಗಿರಿಜಾ ಕಂಡಳು. “ಅಕ್ಕಾರೂ ಹಿಂದ ಅದಾರ. ಮತ್ತ ಜಗಳ ಯಾರ ಕೂಡ?” ಎಂದು ಅವರು ಗೊಂದಲಕ್ಕೆ ಬಿದ್ದರು. ಗುಂಡು ಹತ್ತಲು ಹೊರಟಿದ್ದೇವೆ ಎಂದು ಹೇಳುವುದಕ್ಕಿಂತ ಜಗಳವನ್ನೇ ಒಪ್ಪಿಕೊಳ್ಳುವುದು ಸುಲಭವಾಗಿತ್ತು. ಒಪ್ಪಿಕೊಂಡು ಮುಂದೆ ನಡೆದೆ.

ಬಾಳೆತೋಟ ದಾಟಿದ ಮೇಲೆ ರೇಖಾ ನೋಡಿಟ್ಟ ಗುಂಡು ಸಿಕ್ಕಿತು. ದನ ಕಾಯುವವರು ಅದಕ್ಕೆ ಎಮ್ಮಿಗುಂಡು ಎನ್ನುತ್ತಾರಂತೆ. ನನ್ನ ತಲೆಗಿಂತ ಒಂದು ಮೊಳ ಎತ್ತರ, ಹಿಂದೆ ಇಳಿಜಾರು, ಮುಂದೆ ನೇರ. ರೇಖಾ ತಾನು ತಂದಿದ್ದ ಫೋಮ್ ಗಾದಿಯನ್ನೂ ಬಿಚ್ಚಲು ಹೋದಳು. ಗಿರಿಜಾ ಬೇಡವೆಂದು ಅದನ್ನು ಬದಿಗೆ ತಳ್ಳಿಸಿದಳು. ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು, ರೇಖಾ ತೋರಿಸಿದ ಬಿರುಕುಗಳಲ್ಲಿ ಕಾಲಿಟ್ಟು, ನಡುವೆ ಎರಡು ಬಾರಿ ನಿಂತು, ಒಂದು ಬಾರಿ “ಅವ್ವಾ” ಎಂದು, ಕೊನೆಗೆ ಮೇಲೆ ಹೋಗಿ ಕೂತಳು. ರೇಖಾ, “ಏನ್ ಕಾಣ್ತೈತಿ ಅತ್ತಿ?” ಎಂದು ಕೇಳಿದಳು.

“ಹೊಳಿ ಕಾಣ್ತೈತಿ. ಭತ್ತದ ಸಸಿಮಡಿ ಹಸರಗ ಅದಾವ. ಯಾರೋ ಹರಗೋಲು ನಡಸಾಕತ್ಯಾರ. ಎಲ್ಲಾ ಛಲೋ ಕಾಣ್ತೈತಿ. ಗಾದಿ ಮಾತ್ರ ಭಾಳ ಸಣ್ಣದು ಕಾಣ್ತೈತಿ” ಎಂದಳು. ಆಮೇಲೆ ನನ್ನ ಕಡೆ ನೋಡಿ, “ರೀ, ಗಟ್ಟಿ ಹೊಲ್ದೀರಿ ಹೌದಿಲ್ಲೋ?” ಎಂದಳು.

ಆ ಗಳಿಗೆಯಲ್ಲಿ ನನಗೆ ನಿಜ ಹೇಳಬೇಕೆನಿಸಿತು. ಗೊತ್ತಿಲ್ಲ, ಅಕ್ಕಿಗೆ ಏನೂ ಆಗಿಲ್ಲ, ನಿನ್ನದು ದೇವರಿಗೆ ಗೊತ್ತು, ಹಿಂದಿನಿಂದ ಇಳಿದು ಬಾ ಎಂದು. ಆದರೆ ಬಾಯಿಗೆ ಅದರದೇ ಅಭ್ಯಾಸ. “ಕಣ್ಣು ಮುಚ್ಚಿ ಬೀಳು” ಎಂದೆ. ಆಕೆ ನಿಜವಾಗಿಯೂ ಕಣ್ಣು ಮುಚ್ಚಿದಳು. ರೇಖಾ, “ಅತ್ತಿ, ಕಣ್ಣು ತಗದು ಜಿಗೀರಿ” ಎನ್ನುವುದರೊಳಗೆ ಜಿಗಿದೇಬಿಟ್ಟಳು.

ದೊಪ್ಪೆಂದು ಸದ್ದಾಯಿತು, ಹತ್ತಿಯ ಧೂಳು ಎದ್ದಿತು. ಮಲಗಿದವಳು ಅಲುಗಾಡಲಿಲ್ಲ. ಇಷ್ಟು ವರ್ಷ ಎಷ್ಟು ಜನರಿಗೆ ಈ ಮಾತು ಹೇಳಿದೆನೋ ಅವರೆಲ್ಲರ ಪರವಾಗಿ ಈಕೆ ಒಬ್ಬಳೇ ಬಿದ್ದಳೇನೋ ಎನ್ನಿಸಿತು. ಆಮೇಲೆ ನೋಡಿದರೆ ಅವಳ ಹೊಟ್ಟೆ ಕುಣಿಯುತ್ತಿತ್ತು. ನಗುತ್ತಿದ್ದಳು. ಮದುವೆಯಾದ ಹೊಸತರಿಂದ ಕೇಳುತ್ತ ಬಂದಿದ್ದ ಆ ನಗುವನ್ನು ಒಂದು ವರ್ಷದಿಂದ ನಾನು ಮರೆತೇಬಿಟ್ಟಿದ್ದೆ. ನನಗೆ ಕಣ್ಣಲ್ಲಿ ನೀರು ಬಂತು. ಕೇಳಿದ್ದರೆ ಧೂಳು ಎನ್ನುತ್ತಿದ್ದೆ, ಆದರೆ ಯಾರೂ ಕೇಳಲಿಲ್ಲ.

“ಏನೂ ಆಗಂಗಿಲ್ರಿ. ನೀವೂ ಹತ್ರಿ” ಎಂದಳು. ಎದ್ದು ಕೂತವಳ ಮುಖದಲ್ಲಿದ್ದ ಖುಷಿಗೆ ಇಲ್ಲವೆನ್ನಲು ಆಗಲಿಲ್ಲ. ಹಿಂದಿನ ಇಳಿಜಾರಿನಿಂದ, ಅಂದರೆ ದನಗಳೂ ಹತ್ತುವ ಕಡೆಯಿಂದ, ನಾನು ಮೇಲೆ ಹೋದೆ. ಹೊಳೆ, ಸಸಿಮಡಿ, ಹರಗೋಲು ಯಾವುದೂ ನನಗೆ ಕಾಣಲಿಲ್ಲ. ಕಂಡದ್ದು ಗಾದಿ ಒಂದೇ. ಅದು ತಲೆದಿಂಬಿನಷ್ಟಾಗಿತ್ತು. ಅದರ ಒಂದೊಂದು ಹೊಲಿಗೆಯೂ ನನಗೆ ಗೊತ್ತು. ಎಡಮೂಲೆಯಲ್ಲಿ ದಾರ ಸಾಲದೆ ಗಂಟು ಹಾಕಿ ಮುಂದುವರಿಸಿದ್ದು ಗೊತ್ತು, ನಡುವಿನಲ್ಲಿ ಹಳೆಯ ಹತ್ತಿ ಬೆರೆಸಿದ್ದು ಗೊತ್ತು. ಗೊತ್ತಿಲ್ಲದವರು ಸುಖವಾಗಿ ಜಿಗಿಯಬಹುದು.

“ಮಾವ, ಜಿಗೀರಿ” ಎಂದಳು ರೇಖಾ. “ಗಿರಿಜಾ, ಅದರ ಮ್ಯಾಲ ಆ ಫೋಮಿಂದು ಒಂದು ಹಾಕಿಸು” ಎಂದೆ.

ರೇಖಾ ಮುಖ ತಿರುಗಿಸಿ ಬಾಳೆತೋಟ ನೋಡತೊಡಗಿದಳು. ಗಿರಿಜಾ ಮಾತ್ರ ನನ್ನನ್ನೇ ನೋಡಿದಳು. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಆಕೆಗೆ ಬೈಯಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಕ್ಕಿರಲಿಲ್ಲ. ಬೈಯಲಿಲ್ಲ. ಫೋಮ್ ಗಾದಿಯನ್ನು ಎಳೆದು ತಂದು ನನ್ನ ಗಾದಿಯ ಮೇಲೆ ಹಾಸಿ, ಎರಡನ್ನೂ ಒಮ್ಮೆ ತಟ್ಟಿ, “ಬರ್ರಿ” ಎಂದಳು. ಬೈದಿದ್ದರೆ ಆ ಸಿಟ್ಟಿಗಾದರೂ ಜಿಗಿಯುತ್ತಿದ್ದೆ. ಅಷ್ಟು ಮೆತ್ತಗೆ ಕರೆದ ಮೇಲೆ ಆಗಲಿಲ್ಲ. ನಾಚಿಕೆ ಹೊತ್ತು, ಹತ್ತಿದ ದಾರಿಯಲ್ಲೇ ಕೂತು ಜಾರುತ್ತ ಇಳಿದೆ.

ಸುತ್ತಿ ಮುಂದೆ ಬರುವುದರೊಳಗೆ ಆಕೆ ಫೋಮ್ ಗಾದಿಯನ್ನು ಮತ್ತೆ ಬದಿಗೆ ಎಸೆದು ಎರಡನೆಯ ಸಲ ಹತ್ತತೊಡಗಿದ್ದಳು. ಹೋದ ಮಾನ ಸ್ವಲ್ಪವಾದರೂ ಬರಲಿ ಎಂದು ನಾನು ಗುಂಡಿನ ಬುಡಕ್ಕೆ ಹೋದೆ. ಬೀಳುವವರ ಕೆಳಗೆ ಒಬ್ಬರು ಕೈ ಚಾಚಿ ನಿಲ್ಲುವುದು ಈ ಆಟದ ಪದ್ಧತಿ ಎಂದು ರೇಖಾ ಹೇಳಿದ್ದಳು. ಕಾಲು ಅಗಲಿಸಿ, ಎರಡೂ ಕೈ ಚಾಚಿ ನಿಂತು, “ನಾ ಅದೀನಿ, ಅಂಜಬ್ಯಾಡ” ಎಂದೆ. ಗಿರಿಜಾ ಮೇಲಿನಿಂದ ಬಗ್ಗಿ ನೋಡಿದಳು.

“ನೀವು ತುಸು ಸರದು ನಿಲ್ರಿ” ಎಂದಳು. “ಗಾದಿ ಕಾಣವಲ್ದು.”

ಸರಿದು ನಿಂತೆ.