ಚಕ್ಕಲಿಯ ಸಿಕ್ಕು ಬಿಡಿಸಿದ ಗುರುಪಾದಪ್ಪನ ದಿಗ್ವಿಜಯ

ಯಾವ ಯುಗದಲ್ಲಿ ಮಾನವನು ಚಂದ್ರಮಂಡಲಕ್ಕೆ ಯಂತ್ರವನ್ನಿಳಿಸಿ ಅಲ್ಲಿನ ಧೂಳಿಯ ಗುಣವನ್ನೆಲ್ಲ ಅರಿತೂ ತನ್ನ ಪಾದದಡಿಯಲ್ಲಿ ಮಲಗಿದ ನಾಯಿಯ ಕಿವಿಯ ಹಿಂದೆ ಏನಿದೆಯೆಂದು ಅರಿಯದೆ ಹೋದನೋ, ಆ ಯುಗದ ಕಥೆಯಿದು. ಎಲೈ ಸಿಕ್ಕುಗಳ ಅಧಿದೇವತೆಯೇ, ಜಡೆಯಲ್ಲಿ, ನೂಲುಂಡೆಯಲ್ಲಿ, ಗಾಳಿಪಟದ ದಾರದಲ್ಲಿ ಅದೃಶ್ಯಳಾಗಿ ನೆಲೆಸಿದವಳೇ, ಈ ಕಥೆ ಮುಗಿಯುವವರೆಗಾದರೂ ನನ್ನ ವಾಕ್ಯಗಳೊಳಗೆ ಕಾಲಿಡದಿರು!

ಗದಗಿಗೆ ಅಂಟಿಕೊಂಡ, ಮಗ್ಗಗಳ ಲಟಪಟ ಸದ್ದಿನ ಬೆಟಗೇರಿಯಲ್ಲಿ ಗುರುಪಾದಪ್ಪ ಸಿಂಪಿಯೆಂಬ ವೀರನಿದ್ದನು. ಕರ್ತರೀಧರನೂ, ಅಳತೆಪಟ್ಟಿಕಾಲಂಕೃತಕಂಠನೂ, ಸಹಸ್ರಸಫಾರಿನಿರ್ಮಾತೃವೂ ಆದ ಅವನು ಬಾಗಿಲಲ್ಲಿ ನಿಂತ ಗಿರಾಕಿಯ ಸೊಂಟದ ಸುತ್ತಳತೆಯನ್ನು ಕಣ್ಣಲ್ಲೇ ಅಳೆದು ಹೇಳಬಲ್ಲವನಾಗಿದ್ದನು. ಮುಂದೆ ಅಂಗಡಿ, ಹಿಂದೆ ಮನೆ. ಮನೆಯಲ್ಲಿ ಅವನ ಧರ್ಮಪತ್ನಿ, ಮಿತಭಾಷಿಣಿ ದಾನಮ್ಮ. ಅವರ ಮಾಳಿಗೆಯ ಮೇಲೆ ಬಾಡಿಗೆಗಿದ್ದ ಬ್ಯಾಂಕಿನ ಮೇಡಮ್ಮಿಗೆ ದೂರದ ಗುವಾಹಟಿಗೆ ವರ್ಗವಾದಾಗ, ಆಕೆ ಕಣ್ಣೊರೆಸಿಕೊಳ್ಳುತ್ತ ದಾನಮ್ಮನ ಮಡಿಲಿಗೆ ಹಾಕಿಹೋದವನೇ ಚಕ್ಕಲಿ. ಕುಟಿಲಕುಂತಲನೂ, ಆವರ್ತರೋಮರಾಜಿವಿರಾಜಿತನೂ, ಗುಂಡುಮೂಗಿನವನೂ ಆದ ಪೂಡಲ್ ಜಾತಿಯ ಬಿಳಿಯ ನಾಯಿ. ಮೈಮೇಲಿನ ಒಂದೊಂದು ಕೂದಲೂ ಎಣ್ಣೆಗೆ ಬಿಟ್ಟ ಚಕ್ಕಲಿಯಂತೆಯೇ ಸುತ್ತಿಕೊಂಡಿದ್ದುದರಿಂದ ಅವನಿಗೆ ಆ ಹೆಸರು.

ಮೇಡಮ್ ಅವನನ್ನು ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಒಯ್ದು ಕೂದಲು ಕತ್ತರಿಸಿ ಬಾಚಿಸಿಕೊಂಡು ಬರುತ್ತಿದ್ದರು. ಸಿಂಪಿ ದಂಪತಿಗಳಿಗೆ ಅದು ಹೊಳೆಯಲಿಲ್ಲ. ದಿನವೂ ಬೆನ್ನು ಸವರಿದರು, ರೊಟ್ಟಿ ತಿನ್ನಿಸಿದರು, ನೋಡಲು ಹಿಂಜಿದ ಅರಳೆಯ ಹಾಗಿದ್ದಾನೆಂದು ಹಿಗ್ಗಿದರು. ನಾಲ್ಕು ತಿಂಗಳಾದವು. ಒಂದು ಸೋಮವಾರ ಚಕ್ಕಲಿ ಮುಂಗಾಲನ್ನು ಎಳೆದು ನಡೆಯತೊಡಗಿದನು. ಕಿವಿ ಮುಟ್ಟಹೋದ ದಾನಮ್ಮನಿಗೆ ಹಲ್ಲು ತೋರಿಸಿದನು. ಕೂಡಲೇ ಅವನನ್ನು ಆಟೋದಲ್ಲಿ ಕೂರಿಸಿಕೊಂಡು ಪಶುವೈದ್ಯೆ ಡಾಕ್ಟರ್ ಶಬಾನಾ ನದಾಫರ ಬಳಿಗೆ ಓಡಿದರು.

ಡಾಕ್ಟರು ಬಗಲಿಗೆ ಬೆರಳು ತೂರಿಸಿ ನೋಡಿದರು. "ಮ್ಯಾಲೆ ನೋಡಾಕ ಮಲ್ಲಿಗಿ ಹೂ ಇದ್ಹಂಗ ಐತಿ. ಒಳಗ ಕೈ ಹಾಕಿ ನೋಡ್ರಿ, ಕಂಬಳಿ ಆಗೇತಿ. ಕಿವಿ ಹಿಂದ, ಬಗಲಾಗ, ಹೊಟ್ಟಿ ಕೆಳಗ ಬರೇ ಗಂಟು. ಹೆಜ್ಜಿ ಇಟ್ಟಾಗೊಮ್ಮೆ ಚರ್ಮ ಜಗ್ಗತೈತಿ."

"ಹಂಗಾರ ಬೋಳಿಸಿಬಿಡ್ರಿ ಮೇಡಂ," ಎಂದಳು ದಾನಮ್ಮ.

"ಎಚ್ಚರ ಇದ್ದಾಗ ಇವ ಬಿಡೂದಿಲ್ಲ. ಮಂಪರಿನ ಇಂಜೆಕ್ಷನ್ ಕೊಡಬೇಕಾಗತೈತಿ. ವಯಸ್ಸು ಒಂಬತ್ತು, ಎದಿ ಬಡಿತಾನೂ ಸ್ವಲ್ಪ ಹೆಚ್ಚುಕಮ್ಮಿ ಐತಿ. ನನಗ ಧೈರ್ಯ ಸಾಲವಲ್ದು. ಒಂದ ವಾರ ನೋಡೂಣು, ಮನ್ಯಾಗ ನೀವ ಬಿಡಿಸ್ರಿ. ಬರೂ ಸೋಮವಾರಾನೂ ಹಿಂಗ ಇದ್ರ ಬ್ಯಾರೆ ದಾರಿ ಇಲ್ಲ."

ದಾನಮ್ಮನ ಮುಖ ಸಣ್ಣದಾಯಿತು. ಆಗ ಗುರುಪಾದಪ್ಪನು ಎದೆಯನ್ನು ಎರಡಂಗುಲ ಮುಂದೆ ತಂದು, ಮೇಜಿನ ಮೇಲೆ ಗಡಗಡ ನಡುಗುತ್ತಿದ್ದ ಶ್ವಾನಕುಲತಿಲಕನ ಎದುರಿಗೆ ನಿಂತು ಗರ್ಜಿಸಿದನು:

"ಮೇಡಂ, ನಲವತ್ತೆರಡು ವರ್ಷ ಕತ್ತರಿ ಹಿಡದ ಕೈ ಇದು! ಫೌಜದಾರರ ಹೊಟ್ಟಿ ಕಾಣಧಂಗ ಕೋಟು ಹೊಲದೀನಿ, ಗೂನ ಬೆನ್ನಿನ ಮದುಮಗನ್ನ ನೆಟ್ಟಗ ಕಾಣೂಹಂಗ ಮಾಡೀನಿ. ಈ ಚೋಟುದ್ದ ನಾಯಿ ಯಾವ ಲೆಕ್ಕ?"

"ಕತ್ತರಿ ಅಲ್ರೀ, ಹಣಿಗಿ," ಎಂದು ಡಾಕ್ಟರು ತಂತಿಹಲ್ಲಿನ ಬ್ರಶ್ಶನ್ನೂ ಉಕ್ಕಿನ ಹಣಿಗೆಯನ್ನೂ ತೋರಿಸಿ, ಒಂದೊಂದನ್ನು ಕೈಗೆ ಕೊಟ್ಟರು. "ಮೊದಲ ಒಣಗೂದಲದಾಗ ಬಿಡಿಸಬೇಕು, ಆಮ್ಯಾಲೆ ಜಳಕ. ಮರೀಬ್ಯಾಡ್ರಿ."

ವೀರರಿಗೆ ಉಪದೇಶ ಒಂದು ಕಿವಿಯಲ್ಲಿ ಹೊಕ್ಕು ಮತ್ತೊಂದರಲ್ಲಿ ಹೊರಡುವುದು ಲೋಕಪ್ರಸಿದ್ಧವೇ. ಮರುದಿನ ಮಂಗಳವಾರ ಮುಂಜಾನೆ, ಹಿತ್ತಲಿನ ಕಲ್ಲಿನ ಮೇಲೆ, ತಾಮ್ರದ ಹಂಡೆಯ ಬಿಸಿನೀರು ಹಬೆಯಾಡುತ್ತಿರಲು, ಗುರುಪಾದಪ್ಪನು ಧೋತರವನ್ನು ಮೇಲಕ್ಕೆ ಸಿಕ್ಕಿಸಿ ರಣಾಂಗಣಕ್ಕಿಳಿದನು.

"ಜಳಕ ಆಮ್ಯಾಲಂತ ಹೇಳ್ಯಾರಲ್ರೀ," ಎಂದಳು ದಾನಮ್ಮ.

"ಏ ಹುಚ್ಚಿ, ನೀರಿಗೆ ಹಾಕದ ಬಟ್ಟಿ ಕತ್ತರಿಸಿದಾಂವ ಟೇಲರ್ ಅಲ್ಲ. ಕುಗ್ಗೂದೆಲ್ಲಾ ಮೊದಲ ಕುಗ್ಗಿಬಿಡಬೇಕು!"

ಕುಗ್ಗಿತು. ಆಹಾ, ಎಂಥ ಕುಗ್ಗುವಿಕೆ! ನೀರು ಕುಡಿದ ಗಂಟುಗಳು ಒಂದನ್ನೊಂದು ಅಪ್ಪಿದವು; ಸಾಬೂನು ಅವುಗಳ ನಡುವೆ ಸಿಕ್ಕಿಬಿದ್ದಿತು; ಬಿಸಿಲಿಗೆ ಒಣಗುತ್ತಿದ್ದಂತೆ, ನಿನ್ನೆ ಬೆರಳಿಗಾದರೂ ಬಾಗುತ್ತಿದ್ದುದು ಇಂದು ಗಂಜಿ ಹಾಕಿ ಒಣಗಿಸಿದ ಕಾಲರಿನಂತೆ ಬಿರುಸಾಯಿತು. ಬ್ರಶ್ಶು ಅದರ ಮೇಲೆ ಜಾರಿ ವೀರನ ಹೆಬ್ಬೆರಳನ್ನೇ ಗೀರಿತು. ಚಕ್ಕಲಿ ಮೂರು ಸಲ ಮೈ ಕೊಡವಿ ಇಡೀ ಹಿತ್ತಲಿಗೆ ತೀರ್ಥ ಸಿಂಪಡಿಸಿ, ಕಂಬದ ಹಿಂದೆ ಹೋಗಿ ನಿಂತನು. ದಾನಮ್ಮ ಒಳಗೆ ಹೋದಳು.

ಬುಧವಾರ ಗುರುಪಾದಪ್ಪನು ಕೋಪಾರುಣನೇತ್ರನಾಗಿ ತನ್ನ ಬ್ರಹ್ಮಾಸ್ತ್ರವನ್ನು ಹೊರತೆಗೆದನು. ಹನ್ನೆರಡಂಗುಲದ ಕತ್ತರಿ, ತಂದೆಯಿಂದ ಬಂದದ್ದು, ಏಳು ಪದರ ಖಾದಿಯನ್ನು ಬೆಣ್ಣೆಯಂತೆ ಸೀಳುವಂಥದು. ಚಕ್ಕಲಿಯನ್ನು ಕತ್ತರಿಸುವ ಮೇಜಿನ ಮೇಲೆ ನಿಲ್ಲಿಸಿ ನುಡಿದನು: "ಎಲಾ ಚಕ್ಕಲಿ, ಇವತ್ತ ಒಂದ ನೀ ಇರಬೇಕು, ಇಲ್ಲಾ ನಿನ್ನ ಗಂಟು ಇರಬೇಕು. ಹಂದ್ಯಾಡಬ್ಯಾಡ!"

ಚಕ್ಕಲಿ ಹಂದಾಡಿದನು. ಬಟ್ಟೆ ಉಸಿರಾಡುವುದಿಲ್ಲ, ಬಟ್ಟೆಗೆ ನೋವಿಲ್ಲ, ಬೀದಿಯಲ್ಲಿ ಹಾದುಹೋಗುವ ಆಡಿಗೆ ಬಟ್ಟೆ ತಲೆ ತಿರುಗಿಸುವುದಿಲ್ಲ. ಕತ್ತರಿಯ ತುದಿ ಗಂಟನ್ನು ದಾಟಿ ಕಿವಿಯ ಅಂಚಿಗೆ ತಾಗಿತು. ಒಂದು ಸಣ್ಣ ಕೂಗು. ಬಿಳಿಯ ಕೂದಲಿನ ಮೇಲೆ ಎಳ್ಳಿನಷ್ಟು ಕೆಂಪು. ಮರುಕ್ಷಣವೇ ಚಕ್ಕಲಿ ಮೇಜಿನಿಂದ ಹಾರಿ, ಹೊಲಿಗೆಯಂತ್ರದ ಪೆಡಲಿನ ಹಿಂದಿನ ಸಂದಿಯಲ್ಲಿ ಸೇರಿಕೊಂಡನು.

ಆ ಗಾಯ ಗುಂಡುಪಿನ್ನು ಚುಚ್ಚಿದಷ್ಟೇ. ಡಾಕ್ಟರಿಗೆ ಫೋನು ಮಾಡಿದಾಗ ಅವರೂ ಹಾಗೆಯೇ ಹೇಳಿದರು. ಬಿಸಿನೀರಿಂದ ಒರೆಸಿ, ಔಷಧ ಹಚ್ಚಿದರಾಯಿತೆಂದರು. ಆದರೆ ಅಂದು ಗುರುಪಾದಪ್ಪ ಅಂಗಡಿಯ ಬಾಗಿಲನ್ನು ಅರ್ಧವೇ ತೆರೆದನು. ನಲವತ್ತೆರಡು ವರ್ಷಗಳಲ್ಲಿ ಅವನ ಕತ್ತರಿ ಯಾರ ಮೈಗೂ ತಾಗಿರಲಿಲ್ಲ. ಹೆಂಡತಿ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು, ಅವಳು ಬೈಯಲಿಲ್ಲ. ಎರಡು ಸಲ ರೊಟ್ಟಿಯ ಚೂರು ಹಿಡಿದು ಯಂತ್ರದ ಮುಂದೆ ಬಗ್ಗಿದನು. ಎರಡು ಸಲವೂ ಸಂದಿಯೊಳಗಿನ ಕತ್ತಲಿನಿಂದ ಗುರ್ ಎಂಬ ಉತ್ತರ ಬಂದಿತು.

ಗುರುವಾರ ದಾನಮ್ಮ ಸೆರಗು ಸಿಕ್ಕಿಸಿ ತಾನೇ ಕುಳಿತಳು. ಡಾಕ್ಟರು ಫೋನಿನಲ್ಲಿ ಹೇಳಿದ್ದನ್ನೆಲ್ಲ ಅವಳು ಕಿವಿಗೊಟ್ಟು ಕೇಳಿಕೊಂಡಿದ್ದಳು: ಗಂಟಿನ ಮೇಲೆ ಮೆಕ್ಕೆಜೋಳದ ನುಣುಪು ಹಿಟ್ಟು ಉದುರಿಸಬೇಕು, ಚರ್ಮ ಜಗ್ಗದಂತೆ ಬುಡವನ್ನು ಬೆರಳಲ್ಲಿ ಹಿಡಿಯಬೇಕು, ತುದಿಯಿಂದ ಎಳೆ ಎಳೆಯಾಗಿ ಬಿಡಿಸಬೇಕು. ಚಕ್ಕಲಿ ಅವಳ ಬಳಿಗೆ ಬಂದನು. ಆದರೆ ಬೇಗ ಮುಗಿಸಿ ಒಲೆಗೆ ಎಸರಿಡಬೇಕಾದ ಅವಸರದ ಬೆರಳು ಅವಳದು. ಮೂರನೆಯ ಎಳೆಗೇ ಜಗ್ಗಿದಳು, ಅವನು ಕೈಯಿಂದ ನುಣುಚಿಕೊಂಡು ಮತ್ತೆ ಯಂತ್ರದ ಹಿಂದಿನ ಸಂದಿ ಸೇರಿದನು.

"ನನಗ ಆಗೂದಿಲ್ರೀ," ಎಂದು ಹಣಿಗೆಯನ್ನು ಗಂಡನ ಮುಂದಿಟ್ಟಳು. "ತಪ್ಪ ಹೊಲಿಗಿ ಬಿಚ್ಚುವಾಗ ನೀವು ಕುಂದರತೀರಲ್ಲಾ, ಊಟದ ನೆಪ್ಪೂ ಇಲ್ಲದ? ಹಂಗ ಕುಂದರ್ರಿ."

"ಅಂವ ನನ್ನ ಹತ್ತಿರ ಬರವಲ್ಲ, ದಾನಮ್ಮ."

"ಅಂವ ಬರದಿದ್ರ ನೀವ ಹೋಗ್ರಿ."

ಹಾಗೆ ಫೌಜದಾರರ ಹೊಟ್ಟೆಯನ್ನೇ ಮರೆಮಾಡಿದ ಮಹಾರಥಿಯು ಚಿಂದಿಬಟ್ಟೆಯ ಚೂರುಗಳ ನಡುವೆ ನೆಲದ ಮೇಲೆ ಬೋರಲು ಮಲಗಿ, ಕೈ ಚಾಚಿ, ಅಂಗೈಯಲ್ಲಿ ಖಡಕ್ ರೊಟ್ಟಿಯ ಚೂರಿಟ್ಟುಕೊಂಡು ಕಾದನು. ಜಂಪರು ಹೊಲಿಸಲು ಬಂದ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ಬೆಚ್ಚಿ ನಿಂತಳು.

"ಅಯ್ಯ, ಅಣ್ಣಾರಿಗೆ ಏನಾತ್ರೀ?"

"ಏನಿಲ್ಲವ್ವಾ, ಮಾಫಿ ಕೇಳಾಕತ್ತಾರ. ನಾಳಿ ಬಾ," ಎಂದಳು ದಾನಮ್ಮ.

"ತಪ್ಪಾತಪ್ಪಾ," ಎಂದು ಗುರುಪಾದಪ್ಪ ಮೆಲ್ಲಗೆ ಸಂದಿಯೊಳಗೆ ಹೇಳಿದನು. "ನೀ ಬಟ್ಟಿ ಅಲ್ಲ. ನನಗ ತಿಳಿವಲ್ದಾತು."

ಗಡಿಯಾರದ ಮುಳ್ಳು ಅರ್ಧ ಸುತ್ತಿತು. ಮೊದಲು ಕಪ್ಪು ಗುಂಡುಮೂಗು, ಆಮೇಲೆ ಒಂದು ಕಣ್ಣು, ಕೊನೆಗೆ ಔಷಧ ಹಚ್ಚಿದ ಕಿವಿ ಹೊರಬಂದಿತು. ಅಂಗೈಯ ರೊಟ್ಟಿ ಕರಕರನೆ ಮಾಯವಾಯಿತು. ಗುರುಪಾದಪ್ಪ ಏಳಲಿಲ್ಲ, ಹಿಡಿಯಲಿಲ್ಲ; ಒಂದು ಬೆರಳಿನಿಂದ ಅವನ ಗದ್ದವನ್ನು ಕೆರೆದನು, ಅಷ್ಟೇ. ಅಂದು ಬಿಡಿಸಿದ್ದು ಒಂದೇ ಗಂಟು, ಅದೂ ಗೋಲಿಯಷ್ಟು. ಆದರೆ ಅದನ್ನು ಬಿಡಿಸುವಾಗ ಕರ್ತರೀಧರನ ಬೆರಳುಗಳಿಗೆ ತಮ್ಮ ಮೊದಲ ಕಸುಬು ನೆನಪಾಯಿತು. ತಂದೆಯ ಅಂಗಡಿಯಲ್ಲಿ ಮೂರು ವರ್ಷ ಅವನಿಗೆ ಕತ್ತರಿಯನ್ನೇ ಕೊಟ್ಟಿರಲಿಲ್ಲ. ಕೊಟ್ಟದ್ದು ಹಳೆಯ ಕೋಟುಗಳು, ಒಳಪದರದ ಅಸ್ತರಿಗೆ ಗಾಯವಾಗದಂತೆ ಹೊಲಿಗೆ ಬಿಚ್ಚಲು. ಎಲ್ಲಿ ಎಳೆದರೆ ಬಿಗಿಯುತ್ತದೆ, ಎಲ್ಲಿ ಸಡಿಲ ಬಿಟ್ಟರೆ ತಾನಾಗಿ ಬರುತ್ತದೆ ಎಂಬುದನ್ನು ಬೆರಳು ಬಲ್ಲದು, ಕಣ್ಣಿಗೆ ಅದು ಕಾಣುವುದಿಲ್ಲ.

ಶುಕ್ರವಾರ ಕಿವಿಯ ಹಿಂದಿನ ದುರ್ಗಗಳು ಬಿದ್ದವು. ಶನಿವಾರ ಉದರಪ್ರದೇಶವು ವಶವಾಯಿತು. ಚಕ್ಕಲಿ ಅಂಗಾತ ಮಲಗಿ ನಾಲ್ಕೂ ಕಾಲುಗಳನ್ನು ಆಕಾಶಕ್ಕೆ ಚಾಚಿ ಶರಣಾಗತಿ ಸಾರಿದನು. ಹತ್ತು ಎಳೆಗೊಂದು ರೊಟ್ಟಿಯ ಚೂರು ಎಂದು ಉಭಯಪಕ್ಷಗಳಲ್ಲಿ ಒಪ್ಪಂದವಾಗಿತ್ತು. ಗುರುಪಾದಪ್ಪ ಮರೆತರೆ ಮೂಗಿನಿಂದ ಮೊಣಕೈಗೆ ತಿವಿದು ನೆನಪಿಸಲಾಗುತ್ತಿತ್ತು. ರವಿವಾರ ಮಧ್ಯಾಹ್ನ ಉಳಿದದ್ದು ಬಲಬಗಲಿನ ಗಂಟೊಂದೇ, ಗಂಟುಗಳ ಚಕ್ರವರ್ತಿ, ನಡಿಗೆಯನ್ನೇ ಕೆಡಿಸಿದ ಪರಮಶತ್ರು. ಉಣ್ಣಲು ಕರೆದ ದಾನಮ್ಮ ಗಂಡ ಏಳದ್ದು ಕಂಡು ತಾನೂ ಬಂದು ಎದುರಿಗೆ ಕುಳಿತು, ಚಕ್ಕಲಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಕೊನೆಯ ಎಳೆ ಸರಿದು ಗಂಟು ಬೆರಳಿಗೆ ಬಂದಾಗ, ಅದರ ಕೆಳಗೆ ಕೆಂಪಾದ ಚರ್ಮ ಗಾಳಿ ಕಂಡಿತು. ಚಕ್ಕಲಿ ಎದ್ದನು, ಮೈ ಮುರಿದನು, ನಾಲ್ಕು ಹೆಜ್ಜೆ ನಡೆದನು. ಐದನೆಯ ಹೆಜ್ಜೆಗೆ ಓಡಿದನು. ಅಂಗಡಿಯಿಂದ ಹಿತ್ತಲಿಗೆ, ಹಿತ್ತಲಿನಿಂದ ಅಂಗಡಿಗೆ, ಕುಂಟದೆ, ಕಿವಿಗಳನ್ನು ಹಾರಿಸುತ್ತ.

"ಓಡಾಕತ್ತಾನಲ್ರೀ!" ಎಂದಳು ದಾನಮ್ಮ. ಗುರುಪಾದಪ್ಪನಿಗೆ ಕಣ್ಣಿನಲ್ಲಿ ಹಿಟ್ಟು ಬಿದ್ದಂತಾಯಿತು.

ಸೋಮವಾರ ದಿಗ್ವಿಜಯಿಯು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜಳಕ ಮುಗಿಸಿದ ಚಕ್ಕಲಿಯನ್ನು ಕಂಕುಳಲ್ಲಿ ಹಿಡಿದು ಆಸ್ಪತ್ರೆ ಹೊಕ್ಕನು. ಶಂಖಧ್ವನಿಯಾಗಬೇಕಿತ್ತು, ಆಗಿದ್ದು ಆಕಳೊಂದರ ಅಂಬಾರವ. ಡಾಕ್ಟರು ಉಕ್ಕಿನ ಹಣಿಗೆಯನ್ನು ಕಿವಿಯಿಂದ ಬಾಲದವರೆಗೆ ಎಳೆದರು. ಎಲ್ಲಿಯೂ ತಡೆಯಲಿಲ್ಲ.

"ಛಲೋ ಆತು. ಇಂಜೆಕ್ಷನ್ ಬ್ಯಾಡ," ಎಂದರು.

ಗುರುಪಾದಪ್ಪ ಇನ್ನಷ್ಟು ಮಾತಿಗೆ ಕಾದನು. ಬರಲಿಲ್ಲ. "ಅಂದ್ರ, ಮುಗೀತಲ್ರೀ ಮೇಡಂ?"

"ಮುಗಿಯೂದೇನ್ರೀ? ಕೂದಲ ಬೆಳೀತಾವ. ಒಂದ ದಿನ ಬಿಟ್ಟು ಒಂದ ದಿನ ಬಾಚ್ರಿ, ಬುಡದ ತನಕ." ಅಷ್ಟರಲ್ಲಿ ಅವರು ಆಕಳಿನ ಕಡೆಗೆ ತಿರುಗಿಯಾಗಿತ್ತು.

ಮರಳುವ ದಾರಿಯಲ್ಲಿ ಕಿರಾಣಿ ಅಂಗಡಿಯ ಕಟ್ಟೆಯಿಂದ ಯಾರೋ ಕೂಗಿ ಕೇಳಿದರು: "ಏನ್ರೀ ಗುರುಪಾದಪ್ಪಾರ, ಕುರಿಮರಿ ಸಾಕಾಕತ್ತೀರೇನು?" ದಾನಮ್ಮ ಸೆರಗಿನಲ್ಲಿ ನಕ್ಕಳು. ವೀರನು ನೇರವಾಗಿ ಮುಂದೆ ನೋಡುತ್ತ ನಡೆದನು.

ಬುಧವಾರ ಸಂಜೆ ನಾಲ್ಕಕ್ಕೆ ಅವನು ಅಂಗಡಿಯ ನೆಲದ ಮೇಲೆ ಚಾಪೆ ಹಾಸಿ ಕುಳಿತಿದ್ದನು. ಬೆನ್ನಾಯಿತು, ಹೊಟ್ಟೆಯಾಯಿತು, ಮೂರು ಕಾಲುಗಳಾದವು. ನಾಲ್ಕನೆಯದಕ್ಕೆ ಕೈ ಹಾಕುವಷ್ಟರಲ್ಲಿ ಚಕ್ಕಲಿ ಅವನ ತೊಡೆಯ ಮೇಲೆ ಗದ್ದವಿಟ್ಟು ನಿದ್ದೆಹೋಗಿದ್ದನು, ಸಣ್ಣಗೆ ಗೊರಕೆ ಹೊಡೆಯುತ್ತ. ಗುರುಪಾದಪ್ಪನ ಕಾಲು ಜೋಮು ಹಿಡಿದಿತ್ತು. ಏಳುವಂತಿಲ್ಲ, ಅಲುಗುವಂತಿಲ್ಲ.

"ದಾನಮ್ಮಾ," ಎಂದು ಪಿಸುಗುಟ್ಟಿ ಕರೆದನು, "ಚಾ ಇಲ್ಲೇ ತಗೊಂಡ ಬಾ. ಇನ್ನೊಂದ ಕಾಲು ಉಳದೈತಿ."