ಹದಿನಾಲ್ಕು ನಿಮಿಷದ ಓದುಗ

ಜನ ನಿಧಾನವಾಗಿ ಓದಲಿ ಎಂದು ದೇವರಲ್ಲಿ ಬೇಡಿಕೊಳ್ಳುವ ಸ್ಥಿತಿ ಯಾರಿಗೂ ಬರಬಾರದು. ನನಗೆ ಬಂದಿದೆ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಮಾನ್ವಿಯಲ್ಲಿ ಸುಟ್ಟ ಪಂಪ್ ಮೋಟಾರಿಗೆ ಹೊಸ ತಂತಿ ಸುತ್ತುವ ವೈಂಡಿಂಗ್ ಅಂಗಡಿ ಇಟ್ಟು ಮೂವತ್ತು ವರ್ಷವಾಯಿತು. ಅಂಗಡಿಯ ಹಿಂದೆಯೇ ಮನೆ. ನನ್ನ ಕೈಯಿಂದ ಹೋದ ಮೋಟಾರು ಅದೇ ರೋಗಕ್ಕೆ ಮತ್ತೆ ನನ್ನ ಬಾಗಿಲಿಗೆ ಬಂದದ್ದಿಲ್ಲ. ಇದನ್ನು ಸೊಕ್ಕು ಎಂದುಕೊಂಡರೂ ಅಡ್ಡಿಯಿಲ್ಲ. ಇಂಥವನಿಗೆ ಹೋದ ವರ್ಷ ಬರೆಯುವ ಹುಚ್ಚು ಹಿಡಿಯಿತು. ಫೋನಿನಲ್ಲೇ ಬ್ಲಾಗ್ ಬರೆಯುವ ಒಂದು ಜಾಗವಿದೆ, ಬರೆದವರಿಗೆ ದುಡ್ಡೂ ಕೊಡುತ್ತಾರೆ ಎಂದು ತಿಳಿದ ಮೇಲಂತೂ ಕೇಳಬೇಡಿ. ಕೂಲಿ ಬಂದರೆ ಅದು ಕೆಲಸ, ಬಾರದಿದ್ದರೆ ಹರಟೆ ಎಂದು ನಂಬಿದವನು ನಾನು. ಒಂದೇ ಒಂದು ಸಲ ಬರವಣಿಗೆಯ ಕೂಲಿ ಬ್ಯಾಂಕಿಗೆ ಬಿದ್ದರೆ ಸಾಕು, "ಬರ್ರಿ ಲೇಖಕರ, ರೊಟ್ಟಿ ಆರಾಕತ್ತಾವು" ಎಂದು ಕರೆಯುವ ನನ್ನ ಹೆಂಡತಿಯ ದನಿಯಾದರೂ ಬದಲಾದೀತು ಎಂದು ಕಾದೆ.

ಆದರೆ ಅಲ್ಲಿ ಕೂಲಿ ಬರೆದದ್ದಕ್ಕಲ್ಲ, ಓದಿದ ನಿಮಿಷಕ್ಕೆ. ಓದುಗ ಪುಟದ ಮೇಲೆ ಎಷ್ಟು ಹೊತ್ತು ಕೂತನೋ ಅಷ್ಟೇ ದುಡ್ಡು, ಅದೂ ಒಟ್ಟು ನಿಮಿಷ ಅವರು ಹಾಕಿದ ಒಂದು ಗೆರೆ ದಾಟಿದ ಮೇಲೆ. ನಮ್ಮ ಜನ ಎಲ್ಲಿ ಕೂತಾರು? ದೇವದುರ್ಗದಲ್ಲಿರುವ ನನ್ನ ಹೆಂಡತಿಯ ತಮ್ಮ ಅಭಿಮಾನದಿಂದ ನನ್ನ ಲೇಖನದ ಸ್ಕ್ರೀನ್‌ಶಾಟ್ ತೆಗೆದು ನಾಲ್ಕು ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ. ಊರೆಲ್ಲ ಓದುತ್ತದೆ, ನನ್ನ ಪುಟಕ್ಕೆ ಒಬ್ಬನೂ ಕಾಲಿಡುವುದಿಲ್ಲ. ರಾಯಚೂರಿನ ಒಂದು ರೈಸ್‌ಮಿಲ್ಲಿನಲ್ಲಿ ಒಬ್ಬ ಗಟ್ಟಿಯಾಗಿ ಓದುತ್ತಾನಂತೆ, ಹಮಾಲರೆಲ್ಲ ಸುತ್ತ ಕೂತು ನಗುತ್ತಾರಂತೆ. ಅಷ್ಟು ಜನ ನಕ್ಕರೂ ಲೆಕ್ಕಕ್ಕೆ ಸಿಗುವುದು ಒಬ್ಬನೇ. ಹೋಗಲಿ, ಮನೆಯಾಕೆಯಾದರೂ ನಿಧಾನ ಓದಲಿ ಎಂದು ಫೋನ್ ಕೊಟ್ಟರೆ, ಬೆರಳಿನಿಂದ ಸರ್ರನೆ ತಳ್ಳಿ ವಾಪಸು ಕೊಟ್ಟಳು. ದಿನಾ ಬಾಯಲ್ಲಿ ಕೇಳುವುದನ್ನು ಮತ್ತೆ ಓದುವುದೇಕೆ ಎಂಬುದು ಅವಳ ಪ್ರಶ್ನೆ.

ಇದ್ದುದರಲ್ಲಿ ಜನ ಹುಡುಕಿಕೊಂಡು ಬರುತ್ತಿದ್ದುದು ಒಂದೇ ಲೇಖನಕ್ಕೆ: ಮೋಟಾರು ಗುಂಯ್‌ಗುಟ್ಟುತ್ತದೆ, ತಿರುಗುವುದಿಲ್ಲ, ಏನು ಮಾಡಬೇಕು. ಮೊದಲ ಸಾಲಿನಲ್ಲೇ 'ತಕ್ಷಣ ಆಫ್ ಮಾಡಿ, ಮೂರು ಫೇಸ್ ಕರೆಂಟಿನಲ್ಲಿ ಒಂದು ಹೋಗಿದೆ, ಹಾಗೇ ಬಿಟ್ಟರೆ ಸುಡುತ್ತದೆ' ಎಂದು ಬರೆದಿದ್ದೆ. ಜನ ಅಷ್ಟು ಓದಿ, ಆಫ್ ಮಾಡಿ, ಹೋಗಿಬಿಡುತ್ತಿದ್ದರು. ಆರು ಸೆಕೆಂಡಿನ ಓದು. ಹೊಲದಲ್ಲಿ ನಿಂತವನ ಕೆಲಸ ಬೇಗ ಆಗಲಿ ಎಂದು ಬಿಗಿಯಾಗಿ ಬರೆದವನಿಗೆ ಸಿಕ್ಕಿದ್ದು ಬರೀ ಗಾಳಿ. ಓದುಗರನ್ನು ಕೊನೆಯವರೆಗೆ ಹಿಡಿದಿಡಿ ಎಂದು ಆ ಜಾಗದವರ ಸಲಹೆ ಬೇರೆ. ಸರಿ, ಹಿಡಿದಿಟ್ಟೆ. ಮೊದಲ ಸಾಲನ್ನು ಕಿತ್ತು ಕಟ್ಟಕಡೆಗೆ ಹಾಕಿದೆ. ಅದರ ಮುಂದೆ ನಮ್ಮಜ್ಜ ಕವಿತಾಳದ ಸಂತೆಯಲ್ಲಿ ಎತ್ತು ಕಳೆದುಕೊಂಡದ್ದು, ಓಣಿಗೆ ಮೊದಲ ಸಲ ಕರೆಂಟು ಬಂದದ್ದು, ತಾಮ್ರದ ತಂತಿಯ ಗುಣಗಾನ, ಎಲ್ಲ ತುಂಬಿದೆ. ಯಾರಾದರೂ ಫೋನ್ ಮಾಡಿದರೆ ಪರಿಹಾರ ಹೇಳುವುದನ್ನೂ ಬಿಟ್ಟೆ. "ಎಲ್ಲಾ ಬರ್ದೀನ್ರಿ, ಲಿಂಕ್ ಕಳಿಸ್ತೀನಿ, ಓದ್ರಿ" ಅನ್ನುತ್ತಿದ್ದೆ.

ಹೋದ ಸೋಮವಾರ ಹಿರೇಕೊಟ್ನೆಕಲ್ಲಿನ ರೈತ ಅಮರಪ್ಪ ಫೋನ್ ಮಾಡಿ, ಮೋಟಾರು ಗುಂಯ್ ಅಂತದ, ತಿರುಗವಲ್ದು ಎಂದ. ಲಿಂಕ್ ಕಳಿಸಿದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ, ಒಬ್ಬ ಓದುಗ, ಹದಿನಾಲ್ಕು ನಿಮಿಷ. ಹೆಂಡತಿಯನ್ನು ಕರೆದು ತೋರಿಸಿದೆ. ಮೊದಲ ಬಾರಿಗೆ ಆಕೆ ಫೋನನ್ನು ಕೈಗೆ ತೆಗೆದುಕೊಂಡು ಎರಡು ಸಲ ನೋಡಿದಳು.

ಮಧ್ಯಾಹ್ನ ಅಮರಪ್ಪ ಬೈಕಿನ ಹಿಂದೆ ಮೋಟಾರು ಕಟ್ಟಿಕೊಂಡು ಬಂದ. ಸುಟ್ಟ ವಾಸನೆ ಅವನಿಗಿಂತ ಮೊದಲೇ ಒಳಗೆ ಬಂತು. ಸ್ಟಾರ್ಟರ್ ತಾನಾಗಿ ಬಿದ್ದು ಕರೆಂಟು ಕಡಿಯದಂತೆ, ಅರ್ಧ ತಾಲೂಕು ಮಾಡುವ ಹಾಗೆ, ಗುಂಡಿಗೆ ಕಟ್ಟಿಗೆ ಚೂರು ಸಿಗಿಸಿ, ಮೋಟಾರು ಚಾಲೂ ಇಟ್ಟುಕೊಂಡೇ ಬಾವಿ ಕಟ್ಟೆಯ ಮೇಲೆ ಓದುತ್ತ ಕೂತಿದ್ದಾನೆ ಪುಣ್ಯಾತ್ಮ. "ನೀವಽ ಓದ್ರಿ ಅಂದ್ರಿ, ಓದಾಕತ್ತಿದ್ದೆ. ಆಫ್ ಮಾಡು ಅನ್ನಾದು ಬರಾದ್ರಾಗ ಹೊಗಿ ಬಂತ್ರಿ" ಎಂದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಒಳಗಿನಿಂದ ನನ್ನ ಹೆಂಡತಿ, "ಪೂರಾ ಓದ್ಯಾರಲ್ರಿ, ಕೂಲಿ ಬಂತಿಲ್ಲೇನು?" ಎಂದಳು.

ಅವನ ಮೆಣಸಿನ ಸಸಿಗಳು ನೀರಿಗೆ ಕಾಯುತ್ತಿದ್ದವು. ಅಂಗಡಿಯಲ್ಲಿದ್ದ ನನ್ನ ಹಳೇ ಮೋಟಾರನ್ನು ಸದ್ಯಕ್ಕೆ ಕೊಟ್ಟು ಕಳಿಸಿದೆ. ಬೇರೆ ಕೆಲಸವೆಲ್ಲ ಬದಿಗಿಟ್ಟು, ನನ್ನದೇ ತಂತಿ ಹಾಕಿ ಅವನ ಮೋಟಾರು ಸುತ್ತಿದೆ. ಒಂದು ಪೈಸೆ ಮುಟ್ಟಲಿಲ್ಲ. ಲೇಖನದ ಆ ಸಾಲನ್ನೂ ಮೇಲಕ್ಕೆ ತಂದೆ. ಓದು ಮತ್ತೆ ಆರು ಸೆಕೆಂಡಿಗೆ ಇಳಿಯಿತು. ಕೂಲಿಯ ಗೆರೆ ಇನ್ನೂ ದೂರ.

ಬುಧವಾರ ಮೋಟಾರು ಒಯ್ಯಲು ಬಂದ ಅಮರಪ್ಪ, ಹಗ್ಗ ಬಿಗಿಯುತ್ತ, "ಬರಿಯಾದು ಮಾತ್ರ ಚಲೋ ಬರೀತೀರ್ರಿ. ನಡುವ ಬಿಡಾಕ ಮನಸಽ ಬರ್ಲಿಲ್ಲ" ಎಂದ. ನಾಚಿಕೆಯಿಂದ ತಲೆ ತಗ್ಗಿಸಬೇಕಿತ್ತು ನಾನು. ಅವನ ಮೋಟಾರಿನಿಂದ ಕಿತ್ತ ಕರ್ರಗಿನ ತಂತಿಯನ್ನು ಕೈಯಲ್ಲಿ ಹಿಡಿದುಕೊಂಡೇ, ಲೇಖನದಲ್ಲಿ ಯಾವ ಭಾಗ ಹೆಚ್ಚು ಹಿಡಿಸಿತು ಎಂದು ಕೇಳಿಬಿಟ್ಟೆ.