ಗಾಡಿಗೆ ಪರಕಾರ ಉಡಿಸಿದ್ದು

ಗುರುಪುತ್ರಪ್ಪನವರು ಬಿಡಿಸಿ ಹೇಳಿದ್ದರೆ ಬಸಲಿಂಗಪ್ಪ ಅಷ್ಟು ಬೇಗ ಹೂಂ ಅನ್ನುತ್ತಿರಲಿಲ್ಲ. ಅವರು ಕೇಳಿದ್ದು ಒಂದೇ ಮಾತು:

“ಬಸಲಿಂಗಾ, ನಮ್ಮ ಗಾಡಿಗೊಂದು ಸ್ಕರ್ಟ್ ಹೊಲಕೊಡ್ತಿ ಏನಪಾ?”

ವಡಗಾವಿಯ ಸಂದಿಯೊಂದರಲ್ಲಿ ಬಸಲಿಂಗಪ್ಪನ ತಾಡಪತ್ರಿ ಹೊಲಿಯುವ ಅಂಗಡಿ. ಲಾರಿಯವರೆಲ್ಲ ರೆಡಿಮೇಡ್ ಹೊದಿಕೆಗೆ ತಿರುಗಿದ ಮೇಲೆ ಅವನ ಮಷೀನಿನ ಮೇಲೆ ಬೆಕ್ಕು ಮಲಗುತ್ತಿತ್ತು. ಹೋದ ವರ್ಷ ಯಾರದೋ ಸ್ಕೂಟರಿಗೆ ಹೊಲಿದ ಹೊದಿಕೆ ಎಷ್ಟು ಬಿಗಿಯಾಗಿತ್ತೆಂದರೆ, ತೆಗೆಯುವಾಗ ಎರಡೂ ಕನ್ನಡಿ ಅದರ ಜೊತೆಗೇ ಬಂದಿದ್ದವು. ಹಾಗಾಗಿ ಮೊದಲು ಹೂಂ ಅಂದು, ಆಮೇಲೆ, “ಗಾಡಿಗಿ ಸ್ಕರ್ಟ್ ಅಂದ್ರ ಏನ್ರೀ ಸರ? ಹೆಣ್ಣಮಕ್ಕಳ ಪರಕಾರ ಏನು?” ಅಂದ.

ಗಾಡಿ ಅಂದರೆ ಕ್ಯಾರವಾನ್. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಮನೆ. ಶಿವಬಸವ ನಗರದ ಗುರುಪುತ್ರಪ್ಪನವರು ಕಾಲೇಜಿನಿಂದ ನಿವೃತ್ತರಾದ ಮೇಲೆ ಪುಣೆಯಿಂದ ತಂದದ್ದು. ಸದ್ಯ ಅದು ಹಲಸಿ ಊರ ಹೊರಗೆ ರಾಯಪ್ಪನ ಹೊಲದಲ್ಲಿ ನಿಂತಿತ್ತು. ಬಾಗಿಲ ಮುಂದೆ ಬಟ್ಟೆಯ ಚಪ್ಪರವೇನೋ ಇತ್ತು. ಆದರೆ ಗಾಡಿಯ ಕೆಳಗಿಂದ ಗಾಳಿ ನುಗ್ಗಿ, ಚಪ್ಪರದಲ್ಲಿ ಉಣ್ಣಲು ಕೂತವರ ತಾಟಿಗೆಲ್ಲ ಧೂಳು ಬಡಿಸುತ್ತಿತ್ತು. ಆ ಸಂದು ಮುಚ್ಚಲು ಗಾಡಿಯ ಸೊಂಟದಿಂದ ನೆಲದವರೆಗೆ ಇಳಿಬೀಳುವ ಪರದೆ ಬೇಕು. ಗಾಲಿಗಳಿಗೂ ಒಂದೊಂದು ಹೊದಿಕೆ ಬೇಕು.

“ಒಂದ ಗೀರ ಬೀಳಬಾರದು, ಒಂದ ತೂತ ಆಗಬಾರದು,” ಅಂದರು ಗುರುಪುತ್ರಪ್ಪನವರು. “ರವಿವಾರ ನನ್ನ ಗೆಳ್ಯಾರು ಐದು ಮಂದಿ ಖಾನಾಪುರಕ್ಕ ಬರಾವ್ರದಾರ. ಐದೂ ಮಂದಿ ಕಡೆ ಇಂಥಾ ಗಾಡಿ ಅದಾವು. ನಿನ್ನ ಕೆಲಸ ಮನಸಿಗೆ ಬಂತಂದ್ರ ನಿನ್ನ ದೈವಾ ತೆರೀತು ಅಂತ ತಿಳಕೊ.”

ಅವರು ಬರೆದುಕೊಟ್ಟ ಅಳತೆಗೆ ಹೊಲಿದದ್ದನ್ನೆಲ್ಲ ಗಂಟು ಕಟ್ಟಿ ಹೊತ್ತು ರವಿವಾರ ಬೆಳಿಗ್ಗೆ ಬಸಲಿಂಗಪ್ಪ ಹಲಸಿಗೆ ಬಂದಿಳಿದ. ಗುರುಪುತ್ರಪ್ಪನವರು ಗಾಡಿಯ ಬಾಗಿಲು ತೆರೆದು ತೋರಿಸಿದರು. ಮಂಚ, ಒಲೆ, ಫ್ರಿಜ್ಜು, ಮಡಚಿಟ್ಟರೆ ಮಾಯವಾಗುವ ಮೇಜು. ಒಂದು ಕಪಾಟು ಅಂದುಕೊಂಡು ತೆರೆದರೆ ಒಳಗೆ ಬಚ್ಚಲು! ಬಸಲಿಂಗಪ್ಪನಿಗೆ ಮೈ ಜುಮ್ಮೆಂದಿತು. ಇಷ್ಟನ್ನು ಹೊತ್ತ ಗಾಡಿಯ ಮೈ ತೊಳೆದ ಮೊಟ್ಟೆಯ ಹಾಗೆ ಬೆಳ್ಳಗೆ, ನುಣ್ಣಗೆ. ಮುಟ್ಟಲು ಹೋದ ಕೈಯನ್ನು ಮೊದಲು ಧೋತರಕ್ಕೆ ಒರೆಸಿಕೊಂಡ.

ಗೆಳೆಯರನ್ನು ಕರೆತರಲು ಗುರುಪುತ್ರಪ್ಪನವರು ಖಾನಾಪುರಕ್ಕೆ ಹೊರಟರು. ಕೆಲಸ ಶುರುವಾಯಿತು.

ಗಾಲಿಯ ಹೊದಿಕೆ ಸುಲಭವಾಯಿತು. ಬಕಲ್ ಹಾಕಿದರೆ ಗೀರು ಬಿದ್ದೀತೆಂದು ಅಂಚಿಗೆ ಇಲಾಸ್ಟಿಕ್ ಹೊಲಿದಿದ್ದ; ಕೂಸಿನ ತಲೆಗೆ ಕುಲಾವಿ ಹಾಕಿದ ಹಾಗೆ ಮೆತ್ತಗೆ ಕೂತವು. ಪರದೆಯ ಅಂಚಿಗೆ ಮಾತ್ರ ಅಯಸ್ಕಾಂತದ ಬಿಲ್ಲೆ ಹೊಲಿದಿದ್ದ. ಗಾಡಿಗೆ ತಾಗಿಸಿ ಕೈಬಿಟ್ಟ. ಪರದೆ ಕಾಲ ಮೇಲೆ ಬಿತ್ತು. ಎತ್ತಿ ಮತ್ತೆ ತಾಗಿಸಿದ. ಮತ್ತೆ ಬಿತ್ತು.

“ಅದು ಕಬ್ಬಣಲ್ಲೋ ಅಣ್ಣಾ, ಫೈಬರ್ ಐತಿ,” ಅಂದ ಹೊಲದ ರಾಯಪ್ಪ. ಎಮ್ಮೆ ಬಿಟ್ಟು ಬಂದು ಆಗಲೇ ನೋಡಲು ನಿಂತಿದ್ದ.

ಬಸಲಿಂಗಪ್ಪ ಗಂಟಿನಿಂದ ಗಾಜಿಗೆ ಅಂಟುವ ರಬ್ಬರ್ ಬಟ್ಟಲುಗಳನ್ನು ತೆಗೆದ. ನೀರು ಹಚ್ಚಿ ಒತ್ತಿದ. ಅಂಟಿದವು! ರಾಯಪ್ಪ, “ಅರೇ ಬಾಪರೇ!” ಅಂದ. ಹತ್ತು ನಿಮಿಷ ಬಿಸಿಲು ಬಿದ್ದದ್ದೇ ತಡ, ಪಟ್, ಪಟ್, ಪಟ್ ಎಂದು ಸಾಲಾಗಿ ಬಿಟ್ಟುಕೊಂಡವು. ಕೆಳಗೆ ಬಿದ್ದ ಪರದೆಯ ತುದಿಯನ್ನು ರಾಯಪ್ಪನ ಎಮ್ಮೆ ಬಾಯಿಗಿಟ್ಟುಕೊಂಡು ನಡೆಯಿತು. ಇಬ್ಬರೂ ಬೆನ್ನಟ್ಟಿ ಬಿಡಿಸಿಕೊಂಡು ಬರುವಷ್ಟರಲ್ಲಿ ಅರ್ಧ ಊರು ನೆರೆದಿತ್ತು.

ಒಬ್ಬ ಅಂಟು ಹಚ್ಚು ಅಂದ. ಇನ್ನೊಬ್ಬ ಹಗ್ಗ ಸುತ್ತು ಅಂದ. ವೆಲ್ಡಿಂಗ್ ಅಂಗಡಿಯ ಲಕ್ಷ್ಮಣ ಮಾತಾಡುವವನಲ್ಲ. ಸೀದಾ ಡ್ರಿಲ್ ಮಷೀನು, ಸುತ್ತಿಗೆಯ ಚೀಲ ಹಿಡಿದುಕೊಂಡೇ ಬಂದಿದ್ದ.

“ಅತ್ತಾಗ ಸರೀರಿ, ಹನ್ನೆರಡು ತೂತ ಹೊಡದು ಸ್ಕ್ರೂ ಬಿಗದಬಿಡ್ತೀನಿ. ಐದು ಮಿನಿಟಿನ ಕೆಲಸ.”

“ಬ್ಯಾಡೋ ನಮ್ಮಪ್ಪಾ!” ಬಸಲಿಂಗಪ್ಪ ಎರಡೂ ಕೈ ಚಾಚಿ ಗೋಡೆಗೆ ಅಂಟಿದ ಹಲ್ಲಿಯ ಹಾಗೆ ಗಾಡಿಗೆ ಆತುಕೊಂಡ. “ಹೊಡಿಯೂದಿದ್ರ ನನ್ನ ಎದೀಗೆ ಹೊಡಿ!”

ಅಷ್ಟರಲ್ಲಿ ಮುದುಕಿ ಕಾಶವ್ವ ಗುಂಪು ಸೀಳಿಕೊಂಡು ಬಂದಳು. ಗಾಲಿ ಇರುವ ಮನೆ ನೋಡಬೇಕೆಂದು ಬೆಳಗಿನಿಂದ ಹಂಬಲಿಸುತ್ತಿದ್ದವಳು. ಗಾಡಿಯ ಮೈ ಸವರುತ್ತ ಬಂದ ಅವಳ ಬೆರಳು ಕೆಳ ಅಂಚಿನಲ್ಲಿ ನಿಂತಿತು. ಅಲ್ಲಿ ಈ ತುದಿಯಿಂದ ಆ ತುದಿಯವರೆಗೆ ಸಣ್ಣ ಕಾಲುವೆಯಂಥ ಒಂದು ಕೊರಕಲು ಪಟ್ಟಿ ಇತ್ತು.

“ಇದೇನೋ ತಮ್ಮಾ? ಪರಕಾರಕ್ಕ ಲಾಡಿ ಹಾಕೂ ಜಾಗಾ ಇದ್ದಂಗೈತಿ.”

ಬಸಲಿಂಗಪ್ಪ ಬಗ್ಗಿ ನೋಡಿದ. ಬೆರಳು ಇಟ್ಟು ನೋಡಿದ. ಆಮೇಲೆ ಅಲ್ಲೇ ಕೂತು, ಅಯಸ್ಕಾಂತಗಳನ್ನೆಲ್ಲ ಕಿತ್ತು, ಪರದೆಯ ಅಂಚು ಮಡಚಿ ಒಳಗೆ ನೈಲಾನ್ ಹಗ್ಗವಿಟ್ಟು ಕೈಯಲ್ಲೇ ಹೊಲಿದ. ಪಟ್ಟಿಯ ಉದ್ದಕ್ಕೂ ಸಾಬೂನು ಸವರಿದ. ಹಗ್ಗದ ತುದಿಯನ್ನು ಒಂದು ಕಡೆಯಿಂದ ಒಳಗೆ ತೂರಿಸಿ ಮೆಲ್ಲಗೆ ಎಳೆದ.

ಸರ್ರನೆ ಸಾಗಿತು ಪರದೆ. ಹಾವು ಹುತ್ತ ಹೊಕ್ಕಷ್ಟು ನಿರಾಯಾಸ. ಮೊಳೆ ಇಲ್ಲ, ಅಂಟಿಲ್ಲ, ಗಂಟಿಲ್ಲ. ಆ ತುದಿ ಮುಟ್ಟಿದಾಗ ಗಾಡಿ ಹಸಿರು ಪರಕಾರ ಉಟ್ಟು ನಿಂತಿತ್ತು. ಗಾಳಿ ಬೀಸಿತು, ಚಪ್ಪರದ ಕೆಳಗೆ ಒಂದು ಎಲೆಯೂ ಅಲುಗಲಿಲ್ಲ. ಲಕ್ಷ್ಮಣ ಡ್ರಿಲ್ ಮಷೀನನ್ನು ನೆಲಕ್ಕಿಟ್ಟು ಕೈಮುಗಿದ. ಬಸಲಿಂಗಪ್ಪನ ಕಣ್ಣು ತುಂಬಿ ಬಂದವು. ಮೂವತ್ತು ವರ್ಷ ಹೊಲಿದಿದ್ದ. ತಾನು ಹೊಲಿದದ್ದನ್ನು ಜನ ಹೀಗೆ ನಿಂತು ನೋಡಿದ್ದು ಇದೇ ಮೊದಲು.

ಗುರುಪುತ್ರಪ್ಪನವರ ಕಾರು ಬಂತು. ಗೆಳೆಯರ ಕಾರು ಹಿಂದೆ ಬರುತ್ತಿತ್ತು. ಗುರುಪುತ್ರಪ್ಪನವರು ಇಳಿದು ಗಾಡಿಯ ಸುತ್ತ ಒಂದು ಸುತ್ತು ಬಂದರು. ಕನ್ನಡಕ ಒರೆಸಿ ಇನ್ನೊಂದು ಸುತ್ತು ಬಂದರು.

“ಒಂದ ಗೀರಿಲ್ಲ! ಇದು ಖರೇನ ನನ್ನ ಗಾಡಿ ಏನೋ ಬಸಲಿಂಗಾ?”

“ಭಾಳ ಛಂದ ಕಾಣಾಕತ್ತೈತ್ರೀ ಯಪ್ಪಾ,” ಅಂದಳು ಕಾಶವ್ವ. “ದೃಷ್ಟಿ ಆಗತೈತಿ. ಬಂದವ್ರ ಕಣ್ಣ ಬೀಳೂದ್ರಾಗ ಗಾಲಿ ಮ್ಯಾಲ ಒಂದು ನಿಂಬಿಹಣ್ಣು, ಮೆಣಸಿನಕಾಯಿ ಕಟ್ರಿ.”

ಗುರುಪುತ್ರಪ್ಪನವರಿಗೆ ಆ ಮಾತು ನಾಟಿತು. ಐದು ಜೋಡಿ ಕಣ್ಣು ಹೊಲದ ತಿರುವಿಗೆ ಬಂದೇಬಿಟ್ಟಿದ್ದವು. ರಾಯಪ್ಪ ನಿಂಬೆಹಣ್ಣು ಪೋಣಿಸಿ ತಂದುಕೊಟ್ಟ. ಅದನ್ನು ಕಟ್ಟುವ ದಾರಕ್ಕಾಗಿ ಬಸಲಿಂಗಪ್ಪ ಗಂಟಿನ ಕಡೆ ತಿರುಗಿದ್ದ. ಹಿಂದಿನಿಂದ ಠಕ್ ಠಕ್ ಎಂದು ಸದ್ದು ಕೇಳಿತು.

ಲಕ್ಷ್ಮಣನ ಚೀಲದ ಸುತ್ತಿಗೆ ಗುರುಪುತ್ರಪ್ಪನವರ ಕೈಯಲ್ಲಿತ್ತು. ನಾಲ್ಕಿಂಚಿನ ಮೊಳೆ ಗಾಲಿಯ ಮೇಲೆ, ಆ ಬಿಳಿ ಮೈಯೊಳಗೆ, ಮುಕ್ಕಾಲು ಇಳಿದಿತ್ತು.

“ಸರ!”

“ಹೌದಲಾ, ಸ್ವಲ್ಪ ಸೊಟ್ಟ ಆತು,” ಅಂದು ಅವರು ಮೊಳೆಯನ್ನು ಕಿತ್ತರು.

ಒಳಗಿದ್ದದ್ದು ನೀರಿನ ಟಾಕಿ. ತೂತಿನಿಂದ ನೀರು ಪಿಚಕಾರಿಯ ಹಾಗೆ ಹಾರಿ ಗುರುಪುತ್ರಪ್ಪನವರ ಕನ್ನಡಕಕ್ಕೆ ಬಡಿಯಿತು. ಬಸಲಿಂಗಪ್ಪ ಹಿಂದೆಮುಂದೆ ನೋಡಲಿಲ್ಲ. ಹಾರಿ ಹೋಗಿ ಹೆಬ್ಬೆರಳನ್ನು ತೂತಿಗೆ ಒತ್ತಿ ನಿಂತ. ನೀರು ನಿಂತಿತು. ಬೆರಳು ತೆಗೆಯುವ ಹಾಗಿರಲಿಲ್ಲ.

ಕಾರಿನಿಂದ ಐವರೂ ಇಳಿದರು. ಒದ್ದೆಯಾದ ಗುರುಪುತ್ರಪ್ಪನವರನ್ನು ನೋಡಿದರು. ತೂತಿನ ಮೇಲಿದ್ದ ಹೆಬ್ಬೆರಳನ್ನು ನೋಡಿದರು. ಅದರ ಹಿಂದಿದ್ದ ಬಸಲಿಂಗಪ್ಪನನ್ನು ಮೇಲಿಂದ ಕೆಳಗೆ ನೋಡಿದರು.

“ಅಯ್ಯಯ್ಯ, ಇಂಥಾ ಗಾಡಿಗಿ ತೂತ ಹೊಡದಾನಲ್ರೀ! ಯಾರ್ರೀ ಇವಾ? ಎಲ್ಲಿಯವ?” ಅಂದರು ಅವರಲ್ಲೊಬ್ಬರು.

ಬಸಲಿಂಗಪ್ಪ ಗುರುಪುತ್ರಪ್ಪನವರ ಮುಖ ನೋಡಿದ. ಅವರು ಸುತ್ತಿಗೆಯನ್ನು ಮೆಲ್ಲಗೆ ಬೆನ್ನ ಹಿಂದೆ ಮಾಡಿಕೊಂಡು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

“ವಡಗಾವ್ಯಾವ,” ಅಂದರು. “ಪಾಪ, ಹೊಲಿಗಿ ಮಾತ್ರ ಛಲೋ ಹಾಕ್ತಾನ.”